ತುರೋವಜ್ಜನ ಹಲಗೆ

ದೀಪ ಸ್ವಲ್ಪ ಇಳಿಸು... ನೀವು ಪುಕ್ಕ ಕೀಳೋದು ನಿಲ್ಲಿಸಬೇಡಿ, ಕೀಳ್ತಾ ಕೇಳಿ. ನಮ್ಮ ಚಿಕ್ಕಪ್ಪನ ಮಗ ಪಿರಿಪಿಗೆ ಆದದ್ದಿದು. ನಗೋರು ಈಗಲೇ ನಕ್ಕುಬಿಡಿ.

ನಮ್ಮಜ್ಜ, ತುರೋವಜ್ಜ, ತೀರಿಕೊಂಡು ಎರಡು ತಿಂಗಳಾಗಿತ್ತು. ಮಾರನೇ ದಿನದಿಂದ ಆ ವರ್ಷದ ಬಾತಿನ ಬೇಟೆ ಶುರುವಾಗೋದಿತ್ತು. ಪಿರಿಪಿ ಕುರಿ ದೊಡ್ಡಿಯಿಂದ ತಡವಾಗಿ ಮನೆಗೆ ನಡೆದು ಬರ್ತಿದ್ದ. ಕೆರೆಯಂಚಿನ ವಿಲೋ ಮರದ ಕೆಳಗೆ ಯಾರೋ ನಿಂತಿದ್ದರು... ನೆವಿಲ್, ಆಚೆ ದಡದವನು. ಅಜ್ಜ ಬೇಟೆಗೆ ಕೂರ್ತಿದ್ದ ಆ ಹುಲ್ಲು ಹೊದಿಸಿದ ಮರೆಗೂಡು, ನಮ್ಮ ಮಾಯಿಮಾಯಿ, ಅದರ ಮೇಲೆ ಅವನಿಗೆ ಎಷ್ಟೋ ವರ್ಷದಿಂದ ಕಣ್ಣು.

“ನಾಳೆ ಮಂಜು ಕಣೋ ತಮ್ಮಾ,” ಅಂದ ಮೆಲ್ಲಗೆ. “ಬೆಳಿಗ್ಗೆ ಬಾತು ಏಳಲ್ಲ. ಮಲಕ್ಕೊಂಡು ಸಂಜೆ ಬಾ. ನಿಮ್ಮಜ್ಜನೂ ಸಂಜೇನೇ ಅಲ್ವಾ ಹೊಡೀತಿದ್ದಿದ್ದು?”

“ನನ್ನ ನಿದ್ದೆ ಚಿಂತೆ ನಿಮಗ್ಯಾಕಪ್ಪಾ?”

ಅಜ್ಜ ಹೊಡೀತಿದ್ದದ್ದು ಸಂಜೇನೇ, ನಿಜ. ಆದರೆ ಮೊದಲ ದಿನ ಮಾತ್ರ ಕತ್ತಲಲ್ಲೇ ಹೋಗಿ ಕೋವಿ ಮುಟ್ಟದೆ ಸುಮ್ಮನೆ ಕೂರ್ತಿದ್ದ. ನಿಯಮ ಹಾಗಿದೆ, ಮೊದಲ ದಿನ ಬೇಟೆ ಶುರುವಾದ ಒಂದು ಗಂಟೆಯೊಳಗೆ ಮಾಯಿಮಾಯಿಯಲ್ಲಿ ಜನ ಇಲ್ಲದಿದ್ದರೆ ಜಾಗ ಹೋದಂಗೇ. ಯಾರು ಬೇಕಾದರೂ ನುಗ್ಗಬಹುದು. ನೆವಿಲ್ ಕಾಯ್ತಿದ್ದದ್ದು ಅದಕ್ಕೇ.

ನಮ್ಮ ಹುಡುಗ ಬುದ್ಧಿ ಕೆಡಿಸಿಕೊಂಡದ್ದು ಇಲ್ಲೇ. ನೆಟ್ಟಗೆ ಹೋಗಿ ಕೂರೋದು ಬಿಟ್ಟು, ಅವನು ಹೊರಡೋವಾಗಲೇ ಹಿಡೀತೀನಿ ಅಂತ ಅವನ ಗೇಟಿನ ಹತ್ತಿರ ಅಡಗಿ ಕೂತ. ಅಂಗಳದಲ್ಲಿದ್ದ ನೆವಿಲ್‌ನ ಗಾಡಿ ಅಲ್ಲಾಡಲಿಲ್ಲ. ಬೆಳಕು ಹರೀತು... ದೂರದಲ್ಲಿ ಢಂ, ಢಂ ಅಂತ ಕೋವಿ ಶುರುವಾದವು... ಗಾಡಿ ಮಾತ್ರ ಹಾಗೇ ನಿಂತಿತ್ತು. ಆಮೇಲೆ ಹೊಳೀತು, ಆಸಾಮಿ ದೋಣೀಲಿ ಹೋಗಿದ್ದಾನೆ ಅಂತ. ಎದ್ದೆನೋ ಬಿದ್ದೆನೋ ಅಂತ ಓಡಿದ. ಅಷ್ಟು ಹೊತ್ತಿಗೆ ಆ ಒಂದು ಗಂಟೆ ಮೀರಿತ್ತು.

ಮಂಜಿನೊಳಗೆ, ಮಾಯಿಮಾಯಿಯಿಂದ ಸದ್ದು. ಟಕ್... ಟಕ್... ಚಳಿಗೆ ಬೂಟಿನ ಹಿಮ್ಮಡಿಯನ್ನ ಕೂರೋ ಹಲಗೆಗೆ ಬಡಿಯೋ ಸದ್ದು. ಫ್ಲಾಸ್ಕಿನ ಮುಚ್ಚಳ ಕಿರ್ರ್ ಅಂತ ತಿರುಗಿತು. ಅಜ್ಜನ ಜಾಗ ಕಳೆದುಬಿಟ್ಟೆನಲ್ಲ ಅಂತ ಪಿರಿಪಿಗೆ ಅಳುವೇ ಬಂತಂತೆ.

“ಹೊರಗೆ ಬಾರೋ ಕಳ್ಳ,” ಅಂದ.

“ಶ್... ನಾನು ಇಲ್ಲಿದ್ದೀನಿ.”

ಪಿಸುಮಾತು ಬಂದದ್ದು ಬೆನ್ನ ಹಿಂದಿನ ಜೊಂಡಿನಿಂದ. ನೆವಿಲ್ ದೋಣಿಯ ಅಂಚು ಹಿಡಿದು ಸೊಂಟದ ನೀರಲ್ಲಿ ನಿಂತಿದ್ದ.

“ಕತ್ತಲಿಂದ ಕಾಯ್ತಿದ್ದೀನಿ. ಒಳಗೆ ಕೂತಿರೋದು ನೀನೇ ಅನ್ಕೊಂಡಿದ್ದೆ...” ಅವನ ಹಲ್ಲು ಕಟಕಟ ಅಂತಿತ್ತು. “ನಿಮ್ಮಜ್ಜನ್ನ ಮಣ್ಣು ಮಾಡಿದ್ದು ನಿಜ ತಾನೆ?”

“ಗುಂಡಿಗೆ ಮಣ್ಣೆಳೆದವನೇ ನಾನು.”

ಟಕ್... ಅಂತು. ಆಮೇಲೆ ಇಲ್ಲ.

ಇಬ್ಬರೂ ಒಟ್ಟಿಗೇ ಹುಲ್ಲು ಸರಿಸಿ ನೋಡಿದರು. ಒಳಗೆ ಯಾರೂ ಇರಲಿಲ್ಲ.

ನೆವಿಲ್ ಆಮೇಲೆ ಆ ಜಾಗದ ಮಾತೇ ಎತ್ತಲಿಲ್ಲ, ಇವತ್ತಿಗೂ ಅದು ನಮ್ಮದೇ. ನಿಮ್ಮ ಕೈಲಿರೋ ಬಾತು ಅಲ್ಲಿಯವೇ, ಸಂಜೆ ಹೊಡೆದದ್ದು. ಕಟ್ಟುಕತೆ ಅಂತೀರಾ? ಪಿರಿಪಿಗೂ ನೆವಿಲ್‌ಗೂ ಒಬ್ಬರ ಮುಖ ಒಬ್ಬರಿಗೆ ಆಗಲ್ಲ. ನಾನು ಇಬ್ಬರನ್ನೂ ಬೇರೆ ಬೇರೆ ಕೂರಿಸಿಕೊಂಡು ಕೇಳಿದ್ದೀನಿ, ಇಬ್ಬರೂ ಹೇಳಿದ್ದು ಒಂದೇ. ಹಲಗೆಯ ಉದ್ದಕ್ಕೂ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಎಡ ತುದಿಯಲ್ಲಿ, ಅಜ್ಜ ಕೂರ್ತಿದ್ದ ಕಡೆ, ಒಬ್ಬರು ಕೂರುವಷ್ಟು ಅಗಲ ಮಾತ್ರ ಒಣಗಿತ್ತು.