ಮುಚ್ಚಿದ ಗುಂಡಿಮಗ್ಗ

ಕೊಯಮತ್ತೂರಿನ ಆಸ್ಪತ್ರೆಯೊಂದರಲ್ಲಿ, ಮಂಡಿ ಆಪರೇಷನ್ ಆದವರಿಗೆ ವ್ಯಾಯಾಮ ಮಾಡಿಸುವ ಕೋಣೆಯ ಹೊರಗೆ ಕುಳಿತಿದ್ದೆ. ಪಕ್ಕದಲ್ಲಿ ವಾಕರ್ ಹಿಡಿದ ತಾಯಿ, ಅವರ ಮಗಳು. ಸಿರುಮುಗೈ ಕಡೆಯ ನೇಕಾರರು, ನೆಲದಲ್ಲಿ ತೋಡಿದ ಗುಂಡಿಗೆ ಇಳಿದು ಮಗ್ಗ ನೇಯುವವರು. ನರ್ಸಿನೊಡನೆ ತಮಿಳು, ತಮ್ಮೊಳಗೆ ಕನ್ನಡ.

“ಇಲಕ್ಕಿಯಾ, ಮಂಡಿ ತೊಂಬತ್ತು ಡಿಗ್ರಿ ಮಡಚಿದ್ದೀನಿ. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂರೋಕೆ ಇಷ್ಟು ಸಾಕು. ನಿನ್ನ ಮನೇಲಿ ಮೂರು ವಾರ ಇದ್ದಾಯ್ತು, ನಾಳೆ ಊರಿಗೆ ಹೋಗ್ತೀನಿ.”

“ಡಾಕ್ಟರ್ ಗುಂಡಿಗೆ ಇಳೀಬೇಡಿ ಅಂದ್ರಲ್ಲ ಅವ್ವಾ.”

“ಅವರೇನು ನೇಯ್ದವರಾ? ನಿಮ್ಮಪ್ಪ ಕೈ ಹಿಡಿದು ಇಳಿಸ್ತಾರೆ. ನಲವತ್ತು ವರ್ಷ ಇಳಿಸಿಲ್ವಾ?”

ಮಗಳು ನೆಲ ನೋಡಿದಳು.

“ಏನೇ?”

“ಗುಂಡಿ ಇಲ್ಲ ಅವ್ವಾ. ನಿನ್ನ ಆಪರೇಷನ್ ಆದ ಮಾರನೇ ದಿನವೇ ಅಪ್ಪ ಮಗ್ಗ ಬಿಚ್ಚಿ, ಮಣ್ಣು ಹಾಕಿ ಮುಚ್ಚಿಬಿಟ್ರು.”

“ಯಾರು ಹೇಳಿದ್ದು ಅವರಿಗೆ?”

“ಯಾರೂ ಹೇಳಿಲ್ಲ. ‘ಗುಂಡಿ ತೆರೆದಿದ್ರೆ ನಿಮ್ಮವ್ವ ಇಳಿದೇ ಇಳೀತಾಳೆ’ ಅಂದ್ರು.”

“ಮಗ್ಗಕ್ಕೆ ದೀಪ ಹಚ್ಚಿ, ಕೈಮುಗಿದು ಮುಚ್ಚಿದ್ರಾ?”

“ಹೂಂ.”

“ಇದ್ದದ್ದು ಅದೊಂದೇ ಮಗ್ಗ. ಅವರೆಲ್ಲಿ ನೇಯ್ತಾರೆ?”

“ನೇಯಲ್ಲ ಅವ್ವಾ. ಆ ಮಣ್ಣಿನ ಮೇಲೇ ಚಾಪೆ ಹಾಕ್ಕೊಂಡು ಮಲಗಿರ್ತಾರೆ.”

ಒಳಗಿನಿಂದ “ರಾಮಾಯಿ” ಎಂದು ಕರೆದರು. ಮಗಳು ಕೈ ಕೊಟ್ಟಳು. ತಾಯಿ ಅದನ್ನು ಹಿಡಿಯದೆ, ವಾಕರ್ ಊರಿ ತಾವೇ ಎದ್ದರು. ಎರಡು ಹೆಜ್ಜೆ ಹೋಗಿ ನಿಂತರು.

“ಫೋನ್ ಮಾಡಿ ಹೇಳು ಅವರಿಗೆ. ಹಸಿ ಮಣ್ಣಲ್ಲಿ ಮಲಗಬಾರದು, ಮಂಡಿಗೆ ಶೀತ ಹಿಡಿಯುತ್ತೆ ಅಂತ.”

ಬಾಗಿಲು ಮುಚ್ಚಿಕೊಂಡಿತು.