ಗಾಜಿನ ಒಲೆ ತಣ್ಣಗಾಗಲಿ

ಅಯ್ಯೋ ಬೇಡ, ಬೇಡ! ತೆಗಿ ಕೈ! ಆ ಒದ್ದೆ ಬಟ್ಟೆ ತೆಗಿ ಮೊದಲು… ಅಬ್ಬಾ! ಜೀವ ಬಾಯಿಗೆ ಬಂತು ನನಗೆ. ಹಾಲು ಉಕ್ಕಿತು, ಸರಿ, ಉಕ್ಕಲಿ. ಹಾಲು ಉಕ್ಕಿದರೆ ಮನೆಗೆ ಒಳ್ಳೇದು ಅಂತಾರೆ. ಆದರೆ ಗಾಜು ಇನ್ನೂ ಸುಡ್ತಾ ಇದೆ ಕಣೇ ವಂದನಾ. ಸುಡೋ ಗಾಜಿನ ಮೇಲೆ ತಣ್ಣೀರು ಬಿದ್ದರೆ… ಇರಲಿ. ಹೀಗೆ ಪಕ್ಕಕ್ಕೆ ಬಾ. ಅದು ಆರಲಿ, ಆಮೇಲೆ ನಾನೇ ಹೇಳಿಕೊಡ್ತೀನಿ.

ಯಾಕೆ ನಗ್ತಿ? ನಗು, ನಗು. ಅತ್ತೆಗೆ ದೇವರಮನೆ ಸಾಲಿಗ್ರಾಮಕ್ಕಿಂತ ಈ ಒಲೆಯೇ ಹೆಚ್ಚು ಅಂದುಕೊಂಡೆ ತಾನೇ? ಸಾಲಿಗ್ರಾಮಕ್ಕೆ ದಿನಕ್ಕೊಂದು ಅಭಿಷೇಕ ಆದರೆ ಸಾಕಮ್ಮ. ಇದಕ್ಕೆ ಹೊತ್ತು ಹೊತ್ತಿಗೂ ಆಗಬೇಕು!

ಕೋಪ ಮಾಡ್ಕೋಬೇಡ, ನಿನ್ನ ಮೇಲೆ ಕೂಗಿದ್ದಲ್ಲ. ಹೆದರಿಕೆಗೆ ಕೂಗಿದೆ. ಶ್ರೀಕಾಂತ ಆಫೀಸಿನಿಂದ ಬರೋದ್ರೊಳಗೆ ಇದು ಫಳಫಳ ಅನ್ನಬೇಕು, ಅಷ್ಟೇ. ಬಂದವನೇ ಮೊದಲು ಇಲ್ಲಿಗೇ ಬರ್ತಾನೆ, ನೋಡಿದೀಯಲ್ಲ? ಕೈಕಾಲೂ ತೊಳೆಯಲ್ಲ. ಬಗ್ಗಿ ನೋಡ್ತಾನೆ. ಅವನ ಮುಖ ಅವನಿಗೆ ಇದರಲ್ಲಿ ಕಾಣಬೇಕು. ಕಂಡಿತೋ, ಆಮೇಲೆ ಅವನಂಥ ಮಗ ಈ ಪೆರಂಬೂರಲ್ಲೇ ಇಲ್ಲ. ನಗ್ತಾನೆ, ಮಲ್ಲಿಗೆ ತಂದುಕೊಡ್ತಾನೆ, ಬೀಚಿಗೆ ಹೋಗೋಣವಾ ಅಂತಾನೆ… ಕಾಣದಿದ್ದರೆ? ಕಾಣೋ ಹಾಗೆ ಒರೆಸಿದರೆ ಕಾಣತ್ತೆ. ಅದಕ್ಕೇ ಕಲಿ ಅಂತ ಬಡ್ಕೊಳ್ಳೋದು ನಾನು.

ಹಾಂ, ಈಗ ನೋಡು. ಗಾಜಿನ ಮೇಲೆ ಅಂಗೈ ಹಿಡಿ, ಮುಟ್ಟಬೇಡ. ಕಾವು ಬರ್ತಿಲ್ಲ ಅಲ್ವಾ? ಈಗ ಸರಿ. ಹಾಲು ಸೀದ ಜಾಗಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕು. ಮೇಲೆ ಒದ್ದೆ ಬಟ್ಟೆ ಹಾಸಿ ಬಿಟ್ಟುಬಿಡು. ಉಜ್ಜಬೇಡ. ನೆನೆದರೆ ತಾನಾಗಿ ಬಿಡತ್ತೆ. ಚಾಕು ಹಾಕಿ ಕೆರೆಯೋದು, ಪಾತ್ರೆ ತಿಕ್ಕೋ ನಾರು ಹಾಕೋದು, ಅದೆಲ್ಲ ಬೇಡವೇ ಬೇಡ. ಒಂದು ಗೀರು ಬಿತ್ತು ಅಂದ್ರೆ ಮುಗೀತು, ಏಳು ಸಮುದ್ರದ ನೀರು ತಂದು ತೊಳೆದರೂ ಹೋಗಲ್ಲ. ಬರ್ನರು ಬಿಚ್ಚಿ ಹುಣಸೆಹಣ್ಣಿನ ನೀರಲ್ಲಿ ಹಾಕಿದೀನಿ ನೋಡು, ಅದರ ತೂತಿಗೆ ಪಿನ್ನು ಚುಚ್ಚಿ ಕಸ ತೆಗೀಬೇಕು. ಕೊನೇಲಿ ಇದು, ನಿಮ್ಮ ಮಾವನವರ ಹಳೇ ಪಂಚೆ ತುಂಡು. ರೈಲು ಕೋಚ್ ಫ್ಯಾಕ್ಟರಿಗೆ ಪ್ಯಾಂಟು, ಮನೇಲಿ ಪಂಚೆ, ಹಾಗಿದ್ದರು ಅವರು. ಎಷ್ಟು ಮೆತ್ತಗಿದೆ ನೋಡು. ಇದರಲ್ಲಿ ಒಂದೇ ಕಡೆಗೆ ಎಳೀಬೇಕು, ಸುತ್ತಿ ಸುತ್ತಿ ಒರೆಸಿದರೆ ಚಕ್ರ ಚಕ್ರ ಕಾಣತ್ತೆ.

ಇನ್ನೊಂದು. ಬೆಳಗ್ಗೆ ಒಲೆ ಮೇಲೆ ರಂಗೋಲಿ ಎಳೆಯುವಾಗ ಆ ಕಲ್ಲುಪುಡಿ ಬೇಡ. ಅಕ್ಕಿಹಿಟ್ಟು ತಗೋ. ಕಲ್ಲುಪುಡಿ ಹಾಕಿ ಹಾಕಿಯೇ ಗಾಜೆಲ್ಲ ಗೀರು ಬಿದ್ದದ್ದು ಆವಾಗ… ಯಾವಾಗ ಅಂದ್ರೆ, ಅವಳಿದ್ದಾಗ. ದೀಕ್ಷಿತಾ ಇದ್ದಾಗ.

ಹೆಸರು ಹೇಳಿದರೆ ಮುಖ ಸಣ್ಣ ಮಾಡ್ಕೋಬೇಡ ಮಗು. ಮೊದಲನೇ ಸೊಸೆ ಇದ್ದಳು, ಹೋದಳು ಅನ್ನೋದನ್ನ ಮುಚ್ಚಿಟ್ಟು ನಿನ್ನ ತಂದುಕೊಂಡಿಲ್ಲ ನಾವು. ನಿಮ್ಮಪ್ಪ ಪೋರೂರಿನಿಂದ ಬಂದು ಈ ನಡುಮನೇಲೇ ಕೂತು ಕೇಳಿದರು. 'ಅಂಬುಜಮ್ಮನವರೇ, ಆ ಹುಡುಗಿಗೆ ಏನಾಯ್ತು, ಬಿಚ್ಚಿ ಹೇಳಿ, ನಾನು ಹೆಣ್ಣು ಹೆತ್ತವನು' ಅಂದರು. ಬಿಚ್ಚಿ ಹೇಳಿದೆ. ಒಲೆ ಸಿಡಿದದ್ದಲ್ಲ ಸೀತಾರಾಮರಾಯರೇ, ಒಲೆ ಸಿಡಿದದ್ದು ಅಂದ್ರೆ ಜನ ಬೇರೆ ಏನೋ ತಿಳ್ಕೋತಾರೆ, ಗಾಜು ಸಿಡಿದದ್ದು, ಅಂತ.

ನಿನಗೂ ಹೇಳಿರ್ತಾರೆ. ಅದೇ, ನಮ್ಮ ಮಡಿ. ನಿಮ್ಮಮ್ಮನೂ ಮಾಡ್ತಾರಲ್ಲ? ಅಡುಗೆ ಇಳಿಸಿದ ತಕ್ಷಣ ಒಲೆಗೆ ಚೊಂಬು ನೀರು ಚಿಮುಕಿಸಿ ಒರೆಸಿಬಿಡೋದು. ಅನ್ನ ಬೆಂದ ಜಾಗ ಮುಸುರೆ, ನೀರು ಬೀಳದೆ ಶುದ್ಧ ಆಗಲ್ಲ. ಸಗಣಿ ಸಾರಿಸಿದ ಒಲೆಗೆ ಹಾಗೇ ಮಾಡಿದ್ವಿ, ಸೀಮೆಎಣ್ಣೆ ಸ್ಟೋವಿಗೂ ಮಾಡಿದ್ವಿ, ಸ್ಟೀಲಿನ ಗ್ಯಾಸಿಗೂ ಮಾಡಿದ್ವಿ. ಇವನು ಎಲ್ಲಿಂದಲೋ ಗಾಜಿಂದು ತಂದ. ಈ ಬೀದಿಗೇ ಮೊದಲನೇದು! ಎದುರುಮನೆ ಮಾಮಿ ದಿನಾ ಬಂದು ನೋಡೋರು, 'ಕಣ್ಣಾಡಿ ಮಾದಿರಿ ಇರುಕ್ಕು' ಅನ್ನೋರು. ಕನ್ನಡಿ ಇದ್ದ ಹಾಗೇ ಇತ್ತು ಬಿಡು. ಅಂಥದರ ಮೇಲೆ ಸುಡುಸುಡು ಇರುವಾಗಲೇ ಮಡಿನೀರು ಬಿತ್ತು ಅಂದ್ರೆ? ಟಪ್ ಅಂತ ಸಿಡಿದು ಕಲ್ಲುಸಕ್ಕರೆ ಚೂರಿನ ಹಾಗೆ ಅಡುಗೆಮನೆ ತುಂಬ. ಬೆಚ್ಚಿ ಹಿಂದಕ್ಕೆ ಬಿದ್ದಳು, ರುಬ್ಬೋ ಕಲ್ಲಿನ ಅಂಚು ತಲೆಗೆ ತಗಲಿತು. ಅಷ್ಟೇ. ವಿಧಿ. ಆ ಕಲ್ಲನ್ನ ಆಮೇಲೆ ತೆಗೆಸಿಬಿಟ್ಟೆ.

ಎಲ್ಲರೂ ಹೂಂ ಅಂದರು. ಯಾಕೆ ಅನ್ನಲ್ಲ? ಒಲೆಗೆ ನೀರು ಹಾಕದ ಮನೆ ನಮ್ಮವರಲ್ಲಿ ಎಲ್ಲಿದೆ ಹೇಳು? ಪೊಲೀಸಿನವರು ಬಂದಾಗ ಮಾಮಿ ಅವರೇ ಮುಂದೆ ಬಂದು, ಇವರ ಮನೇಲಿ ಮಡಿ ಜಾಸ್ತಿ ಸಾರ್ ಅಂದರು. ಅವಳ ಅಪ್ಪ ಕೂಡ ತಲೆ ಚಚ್ಚಿಕೊಂಡರು, ನಾನೇ ಕಲಿಸಿದ ಮಡಿ ನನ್ನ ಮಗಳನ್ನ ತಿಂತಲ್ಲ ಅಂತ… ಅವರನ್ನ ನೆನೆಸಿಕೊಂಡರೆ ನನಗೆ ಅನ್ನ ಇಳಿಯಲ್ಲ ವಂದನಾ.

ಒರೆಸು, ಒರೆಸು, ನಿಲ್ಲಿಸಬೇಡ. ಅಲ್ಲಿ, ಎಡಗಡೆ ಮೂಲೆ. ಒಲೆ ಅದೇ. ಗಾಜು ಮಾತ್ರ ಹೊಸದು ಹಾಕಿಸಿದ. ಬೇಡ ಕಣೋ, ತೂಕಕ್ಕೆ ಹಾಕಿಬಿಡು ಅಂದೆ, ಕೇಳಲಿಲ್ಲ.

ನಿನಗೊಂದು ಹೇಳಲಾ? ನಗಬಾರದು. ಚೂರು ಇನ್ನೂ ಸಿಗ್ತಾ ಇದೆ. ಎಷ್ಟು ಸಲ ಗುಡಿಸಿದೆ, ಒದ್ದೆ ಹಿಟ್ಟಿನ ಉಂಡೆ ಒತ್ತಿ ಒತ್ತಿ ತೆಗೆದೆ. ಆದರೂ ಹೋದ ತಿಂಗಳು ಬೇಳೆ ಡಬ್ಬದ ಕೆಳಗೆ ಒಂದು. ಮೊನ್ನೆ ತುಳಸಿ ಕುಂಡದಲ್ಲಿ ಒಂದು. ತುಳಸಿ ಕುಂಡಕ್ಕೆ ಹೇಗೆ ಹೋಗತ್ತೆ? ಹಿತ್ತಲಲ್ಲಿದೆ ಅದು! ಮುಟ್ಟಿದರೆ ಬಿಸಿ ಇತ್ತು. ಬಿಸಿಲಿಗೆ ಅಂತೀಯಾ? ಹೂಂ, ಬಿಸಿಲಿಗೇ ಇರಬೇಕು. ಈ ಊರಿನ ಬಿಸಿಲು ಗೊತ್ತಲ್ಲ.

ಮತ್ತೆ ಇದನ್ನ ಚೆನ್ನಾಗಿ ಒರೆಸಿ ಬಗ್ಗಿದಾಗ… ನಿನ್ನ ಮುಖದ ಹಿಂದೆ ಇನ್ನೊಂದು ನಿಂತ ಹಾಗೆ ಆಗಿದೆಯಾ? ನನಗೆ ಆಗತ್ತೆ. ಬಾಗಿಲ ಹತ್ತಿರ, ಮಡಿಸೀರೆ ಉಟ್ಟು, ಸುಮ್ಮನೆ. ಅವಳು ಏನೂ ಅನ್ನಲ್ಲ. ಇದ್ದಾಗಲೂ ಹೆಚ್ಚು ಮಾತಿಲ್ಲ ಅವಳದು. ತಿರುಗಿದರೆ ಯಾರೂ ಇರಲ್ಲ. ಅದಕ್ಕೇ ಒಬ್ಬಳೇ ಒರೆಸಲ್ಲ ನಾನು, ನಿನ್ನ ಜೊತೆಗೆ ನಿಲ್ಲಿಸ್ಕೋತೀನಿ. ನನಗೆ ವಯಸ್ಸಾಯ್ತು, ಕಣ್ಣಲ್ಲಿ ಪೊರೆ, ಏನೇನೋ ಕಾಣತ್ತೆ ಅಂತ ಶ್ರೀಕಾಂತ ಹೇಳ್ತಾನೆ.

ಪಾಪ, ಒಳ್ಳೇ ಹುಡುಗಿ. ಉಪವಾಸ ಅಂದ್ರೆ ಉಪವಾಸವೇ. ಅವತ್ತು ಕೂಡ ಬೆಳಗಿನಿಂದ ಒಂದು ಹನಿ ನೀರು ಬಾಯಿಗೆ ಬಿಟ್ಟಿರಲಿಲ್ಲ. ಏಕಾದಶಿ ನಿರ್ಜಲ ಮಾಡ್ತೀನಿ ಅಮ್ಮಾ ಅಂದಳು, ನನಗೇ ಆಗಲ್ಲ, ನೀನು ಯಾಕೆ ಮಾಡ್ತಿ ಅಂದೆ. ಖಾಲಿ ಹೊಟ್ಟೇಲೇ ಬಗ್ಗಿ ಇಲ್ಲಿ ಒರೆಸ್ತಾ ಇದ್ದಳು, ನಾಳೆ ದ್ವಾದಶಿ ಬೇಗ ಅಡುಗೆ ಆಗಬೇಕು ಅಂತ…

ಏನು? ಯಾಕೆ ಕೈ ನಿಂತಿತು?

ವಂದನಾ?

ಯಾಕೆ ಹಾಗೆ ನೋಡ್ತಿ… ನಾನು ಏನಂದೆ ಈಗ? ಏಕಾದಶಿ ಅಂದೆನಾ? ಇಲ್ಲ, ಇಲ್ಲ, ಬೇರೆ ಯಾವತ್ತೋ. ನನಗೆ ವಯಸ್ಸಾಯ್ತು ಅಂದೆನಲ್ಲ… ಅವತ್ತು ಹಾಲು ಕಾಯಿಸಿರಬೇಕು. ಹಾಲು ಕಾಯಿಸಿದಾಗ ಒಲೆ ಬಿಸಿ ಆಗಲ್ವಾ? ಹೂಂ, ಹಾಲೇ.

ಹಾಗೆ ನೋಡಬೇಡ. ಗೊತ್ತು. ಹೋದ ಏಕಾದಶಿಗೆ ನೀನು ಒಂದು ಲೋಟ ಕಾಫಿ ಕೇಳಿದಾಗ ನಾನೇ ಅಂದದ್ದು, ಈ ಮನೇಲಿ ಅವತ್ತು ಹಾಲು ಕೂಡ ಕಾಯಿಸಲ್ಲ, ನಾನು ಬಂದಾಗಿನಿಂದ ಏಕಾದಶಿ ದಿನ ಇಲ್ಲಿ ಬೆಂಕಿಕಡ್ಡಿ ಗೀರಿಲ್ಲ ಅಂತ. ಅಂದಿದ್ದೆ. ಹೌದು. ಒಲೆ ಹಚ್ಚಿರಲಿಲ್ಲ. ತಣ್ಣಗೆ ಕೊರೆಯೋ ಹಾಗಿತ್ತು ಗಾಜು.

ಪೊಲೀಸಿನವರು ತಾರೀಖು ಬರೆದುಕೊಂಡರು. ತಿಥಿ ಯಾರೂ ಕೇಳಲಿಲ್ಲ. ಅವಳ ಜೀವ ಆಸ್ಪತ್ರೇಲಿ ಹೋದದ್ದು ಹುಣ್ಣಿಮೆಗೆ, ಶ್ರಾದ್ಧ ಹುಣ್ಣಿಮೆಗೇ ಬಂತು. ಬಿದ್ದ ದಿನದ ತಿಥಿ ಯಾರಿಗೆ ನೆನಪಿರತ್ತೆ? ಅಪ್ಪನಿಗೂ ಹೊಳೀಲಿಲ್ಲ. ನೀನು… ನಿನಗೆ ಹೊಳೀತು.

ಏನಾದರೂ ಮಾತಾಡೇ! ಬೈದುಬಿಡು! ಅವಳ ಹಾಗೆ ನಿಂತ್ಕೋಬೇಡ ಅಲ್ಲಿ!

ಗೀರು ಕಂಡಿತು ಅವನಿಗೆ. ರಂಗೋಲಿ ಗೀರು. ನಾನು ಹಾಕು ಅಂದ ರಂಗೋಲಿ ಅದು, ಅದನ್ನ ಅವನಿಗೆ ಹೇಳೋಕೂ ಬಾಯಿ ಬರಲಿಲ್ಲ ನನಗೆ. 'ಮುಖ ಕಾಣತ್ತಾ? ಸರಿಯಾಗಿ ನೋಡು, ಕಾಣತ್ತಾ?' ಅಂತ ಅವಳ ಕುತ್ತಿಗೆ ಹಿಡಿದು ಬಗ್ಗಿಸಿದ. ಇನ್ನೂ ಬಗ್ಗಿಸಿದ. ನಾನು ಇಲ್ಲೇ, ಈ ಬಾಗಿಲಲ್ಲಿ, ಶ್ರೀಕಾಂತಾ ಬಿಡೋ ಅಂತ… ಮೆಲ್ಲಗೆ ಅಂದೆ. ಎದುರುಮನೆಗೆ ಕೇಳಿಸಬಾರದು ಅಂತ ಮೆಲ್ಲಗೆ. ಗಾಜು ಒಡೆದ ಮೇಲೆ ಅವಳು ಹಿಂದಕ್ಕೆ ಬಿದ್ದದ್ದು ನಿಜ. ಕಲ್ಲು ತಗಲಿದ್ದೂ ನಿಜ. ಅಷ್ಟು ನಿಜವೇ ಹೇಳಿದೆ ನಾನು. ಮಿಕ್ಕದ್ದಕ್ಕೆ ಮಡಿನೀರು ಹಾಕಿದೆ.

ಅವನು ನನ್ನ ಮಗ ಕಣೇ. ಒಬ್ಬನೇ ಮಗ. ಮದುವೆ ಆದರೆ ಸರಿಹೋಗ್ತಾನೆ ಅಂದರು, ಇನ್ನೊಂದು ಮದುವೆ. ಒಲೆ ಚೊಕ್ಕಟವಾಗಿಟ್ಟರೆ ಸಾಕು, ಸಿಟ್ಟು ಬರೋಕೆ ಏನೂ ಇರಲ್ಲ, ನಾನು ಎಲ್ಲ ಕಲಿಸ್ತೀನಿ ಅವಳಿಗೆ, ಅಂದುಕೊಂಡೆ. ಕಲಿಸಿದೆನಲ್ಲ? ನೀನೂ ಚೆನ್ನಾಗಿ ಕಲಿತೆ. ನಿನ್ನ ಮೇಲೆ ಅವನು ಒಂದು ದಿನವೂ…

ಕುತ್ತಿಗೆ ಹಿಂದೆ ಯಾಕೆ ಕೈ ಇಟ್ಟುಕೊಂಡೆ?

ವಂದನಾ. ಕೈ ತೆಗಿ. ಜಡೆ ಸರಿಸು, ನೋಡೋಣ.

…ಯಾವತ್ತು? ನಾನು ಮನೇಲಿ ಇರಲಿಲ್ವಾ? ಇದ್ದೆನಾ? ಇಲ್ಲೇ ಪಕ್ಕದ ಕೋಣೇಲಿ ಇದ್ದೆನಾ ನಾನು? ಯಾಕೆ ಕೂಗಲಿಲ್ಲ ನೀನು… ಅಯ್ಯೋ, ಯಾರನ್ನ ಕೇಳ್ತಿದೀನಿ ನಾನು! ಯಾರನ್ನ ಕೂಗ್ತೀಯ ಈ ಮನೇಲಿ!

ಬಟ್ಟೆ ಬಿಡು. ಬಿಡು ಅಂದೆ, ಒರೆಸಿದ್ದು ಸಾಕು! ಹೋಗು, ಚಪ್ಪಲಿ ಹಾಕ್ಕೋ. ಪರ್ಸ್ ತಗೋ. ಮುಂದಿನ ಬಾಗಿಲು ಬೇಡ, ಸ್ಟೇಷನ್ ಕಡೆಯಿಂದ ನಡೆದು ಬರ್ತಾನೆ ಅವನು. ಹಿತ್ತಲಿಂದ ಹೋಗು. ಆ ಗಲ್ಲಿ ದಾಟಿದರೆ ಆಟೋ ನಿಂತಿರತ್ತೆ. ನೇರ ಪೋರೂರಿಗೆ, ನಿಮ್ಮಪ್ಪನ ಹತ್ತಿರ. ಅವರಿಗೆ ಎಲ್ಲ ಹೇಳು, ತಿಥಿನೂ ಹೇಳು. ಅವಳ ಅಪ್ಪನಿಗೂ ಹೇಳಲಿ. ಆಮೇಲೆ ಯಾರು ಬಂದು ಕೇಳಿದರೂ ನಾನು ಇಲ್ಲೇ ಇರ್ತೀನಿ, ಹೇಳ್ತೀನಿ.

ಇವತ್ತಾ? ಇವತ್ತು ಅವನು ಬಂದು ಕೇಳಿದರೆ, ಅವಳ ಸೋದರತ್ತೆಗೆ ಮೈ ಸರಿಯಿಲ್ಲವಂತೆ, ಫೋನ್ ಬಂತು, ಕೀಲ್ಪಾಕಿಗೆ ಹೋದಳು ಅಂತೀನಿ. ಅಳುಕಬೇಡ, ಹೋಗು ಮಗು. ನಾನು ಹೇಳಿದರೆ ಎಲ್ಲರೂ ನಂಬ್ತಾರೆ.