ಒಸರಿದ ಆಯಿಲ್

ಪೆಟ್ರೋಲ್ ಬಂಕಿನಲ್ಲಿ ಟೈರಿಗೆ ಗಾಳಿ ತುಂಬಿಸಲು ಕಾಯುತ್ತಿದ್ದ ಲಾರಿ ಚಾಲಕನ ಕಿವಿಗೆ ಪಕ್ಕದವರ ಮಾತು ಬಿತ್ತು. ತಾಯಿಯೊಬ್ಬಳು ಬೈಕಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ದೊಡ್ಡ ಚೀಲ ಹೊತ್ತ ಮಗಳು ನಿಂತೇ ಇದ್ದಳು. ಇಂಜಿನ್ನಿನ ಅಡಿಯಿಂದ ಆಯಿಲ್ ಒಸರುತ್ತಿತ್ತು.

“ಅಮ್ಮ, ಇನ್ನೂ ಅರ್ಧ ದಾರಿ ಇದೆ. ಬಸ್ಸಲ್ಲಿ ಹೋಗ್ಬಿಡೋಣ.”

“ನಾಳೆಯಿಂದ ಆ ಊರಲ್ಲಿ ಹೊಸ ಕೆಲಸಕ್ಕೆ ಯಾವುದ್ರಲ್ಲಿ ಹೋಗ್ತೀಯ? ಗಾಡಿ ನಿಂಗೆ ಅಂತ ತಾನೆ ತಗೊಂಡು ಹೊರಟಿರೋದು.”

“ಅಲ್ಲೂ ಹೀಗೆ ಸೋರಿದ್ರೆ ನಾನೊಬ್ಳೇ ಏನ್ ಮಾಡ್ಲಿ?”

“ಇಲ್ಲಿ ಏನ್ ಮಾಡ್ತೀಯೋ ಅದನ್ನೇ. ಆಯಿಲ್ ಅಳೆಯೋ ಕಡ್ಡಿ ಎತ್ತಿ ನೋಡ್ದೆ, ಆಯಿಲ್ ಸಾಕಷ್ಟಿದೆ. ಅಡೀಲಿರೋ ನಟ್ ಸಡಿಲ ಆಗಿದೆ, ಅಷ್ಟೆ. ತಗೋ ಸ್ಪ್ಯಾನರ್.”

ಮಗಳು ಚೀಲ ಇಳಿಸಿ ಕೂತಳು.

“ಸಾಕಾ?”

“ಇನ್ನೊಂಚೂರು. ಹಾಂ, ಸಾಕು. ಜೋರಾಗಿ ತಿರುಗಿಸಿದ್ರೆ ನಟ್ಟಿನ ಥ್ರೆಡ್ ಹಾಳಾಗುತ್ತೆ. ಈಗ ಒರೆಸಿ, ಸ್ಟಾರ್ಟ್ ಮಾಡಿ ನೋಡು.”

ಇಂಜಿನ್ ಸ್ವಲ್ಪ ಹೊತ್ತು ಓಡಿತು. ಇಬ್ಬರೂ ಬಗ್ಗಿ ನೋಡಿದರು.

“ಒಂದು ಹನಿನೂ ಇಲ್ಲಮ್ಮ.”

“ಸರಿ, ಇನ್ನು ನೀನೇ ಓಡಿಸು.”

“ಮತ್ತೆ ನೀನು?”

“ಹಿಂದೆ ಕೂರ್ತೀನಿ. ಹೇಗೂ ಬಸ್ಸಲ್ಲಿ ವಾಪಸ್ ಹೋಗೋಳು, ಸುಮ್ನೆ ಕೂತು ರೂಢಿ ಆಗ್ಲಿ.”

ತಾಯಿ ಚೀಲವನ್ನು ತನ್ನ ಬೆನ್ನಿಗೇರಿಸಿಕೊಂಡು ಹತ್ತಿದಳು. ಕೈ ಎಲ್ಲಿಡಬೇಕೆಂದು ತೋಚದೆ ಒಂದು ಗಳಿಗೆ ತಡವರಿಸಿ, ಮಗಳ ಹೆಗಲು ಹಿಡಿದಳು. ಮಗಳು ಎರಡೂ ಕಡೆ ನೋಡಿ, ಬೈಕನ್ನು ಹೆದ್ದಾರಿಗೆ ಇಳಿಸಿದಳು.